ಹೊಕ್ಕುಳ ಹಿಂದಿನ ಎರಡು ತೂಬು

“ಬಟ್ಟಿ ಜಾರೈತಿ ನೋಡಪ್ಪ.” ಜಗಳೂರು ಸೀಮೆಯ ಹಳ್ಳಿಯಾಗಲಿ, ನ್ಯಾಮತಿ ಕಡೆಯ ತಾಂಡಾ ಆಗಲಿ, ಹೊಟ್ಟೆ ನುಲಿಯುತ್ತದೆ ಎಂದು ಹೋದವರಿಗೆ ಹೀಗೆ ಹೇಳುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಂಗಾತ ಮಲಗಿಸಿ, ಹೊಕ್ಕುಳಿಗೆ ಹೆಬ್ಬೆರಳು ಊರಿ, ಉಸಿರು ಬಿಗಿಹಿಡಿದು ಕಾಯುತ್ತಾರೆ. ಬೆರಳಡಿ ದಬ್ ದಬ್ ಎಂಬ ಮಿಡಿತ ಸಿಗಬೇಕು. ನಟ್ಟನಡುವೆ ಸಿಕ್ಕರೆ ಬಟ್ಟಿ ಸರಿಯಿದೆ. ಪಕ್ಕಕ್ಕೆ ಸಿಕ್ಕರೆ ಜಾರಿದೆ. ಆಮೇಲೆ ಎಣ್ಣೆ, ನೀವುವುದು, ಕೆಲವೆಡೆ ಹೊಟ್ಟೆಯ ಮೇಲೆ ದೀಪವಿಟ್ಟು ಚೊಂಬು ಕವುಚುವುದು.

ಬಟ್ಟಿ ಜಾರುತ್ತದೋ ಇಲ್ಲವೋ ಎಂಬ ವಾದ ಬದಿಗಿರಲಿ. ಆ ಮಿಡಿತ ಯಾವುದು? ಹೃದಯ ಇರುವುದು ಎದೆಗೂಡಿನಲ್ಲಿ. ಹೊಕ್ಕುಳ ಕೆಳಗೆ ಬಡಿಯುತ್ತಿರುವುದು ಏನು? ಅದು ಮಹಾಪಧಮನಿ, ದೇಹದ ಅತಿ ದೊಡ್ಡ ರಕ್ತನಾಳ. ಹೃದಯದಿಂದ ಹೊರಟು, ಎದೆಯೊಳಗೆ ಬಾಗಿ, ಬೆನ್ನುಮೂಳೆಗೆ ಒರಗಿಕೊಂಡು ಕೆಳಗಿಳಿದು, ಹೆಚ್ಚುಕಡಿಮೆ ಹೊಕ್ಕುಳ ಮಟ್ಟಕ್ಕೆ ಬಂದು, ಸೊಂಟದ 4ನೇ ಮೂಳೆಯ ಮುಂದೆ ಎರಡಾಗಿ ಸೀಳಿ ಕಾಲುಗಳತ್ತ ಹೋಗುತ್ತದೆ. ತೆಳ್ಳಗಿನವರಲ್ಲಿ ಅದು ಬೆರಳಿಗೆ ಸಿಗುತ್ತದೆ. ಅದರ ಸಹಜ ಜಾಗವೇ ನಡುಗೆರೆಯಿಂದ ತುಸು ಎಡಕ್ಕೆ. ಆದ್ದರಿಂದ ಮಿಡಿತ ಎಡಗಡೆ ಸಿಕ್ಕಿತೆಂದರೆ ಏನೂ ಜಾರಿಲ್ಲ, ನಾಳ ತನ್ನ ಜಾಗದಲ್ಲೇ ಇದೆ! ಬಟ್ಟಿ ನೋಡುವವರು ಅರಿಯದೆಯೇ ಕೈಯಿಟ್ಟಿರುವುದು ಎಂಥ ಜಾಗದ ಮೇಲೆ ಗೊತ್ತೆ? ಆ ಹೆಬ್ಬೆರಳಿನಿಂದ ಮೂರು ನಾಲ್ಕು ಸೆಂಟಿಮೀಟರ್ ಮೇಲೆ, ಮಹಾಪಧಮನಿಯ ಮುಂಬದಿಯಿಂದ, ಒಂದು ಸಣ್ಣ ನಾಳ ಹೊರಡುತ್ತದೆ. ಅಗಲ ಕೆಲವೇ ಮಿಲಿಮೀಟರ್. ನಮ್ಮ ದೊಡ್ಡ ಕರುಳಿನ ಎಡಭಾಗವೆಲ್ಲ ಬದುಕಿರುವುದು ಅದರ ರಕ್ತದಿಂದ.

ಹೊಟ್ಟೆಯೊಳಗೆ ದೊಡ್ಡ ಕರುಳಿಗೆ ರಕ್ತ ಬಿಡುವ ತೂಬು ಎರಡೇ ಎರಡು. ಮೇಲಿನದು ಸೊಂಟದ 1ನೇ ಮೂಳೆಯ ಮಟ್ಟದಲ್ಲಿ ಹೊರಡುವ ಮೇಲಿನ ಮೆಸೆಂಟರಿಕ್ ಅಪಧಮನಿ. ಕೆಳಗಿನದು 3ನೇ ಮೂಳೆಯ ಮಟ್ಟದ ಕೆಳಗಿನ ಮೆಸೆಂಟರಿಕ್ ಅಪಧಮನಿ. ಚನ್ನಗಿರಿ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅವರ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ, ಇರುವುದೂ ಎರಡೇ ನಾಲೆ: ಸಿದ್ಧನಾಲೆ, ಬಸವನಾಲೆ. ಅಷ್ಟು ದೊಡ್ಡ ಕೆರೆ, ಅಷ್ಟು ಅಚ್ಚುಕಟ್ಟು, ಹೊರದಾರಿ ಮಾತ್ರ ಎರಡು. ದೇಹದಲ್ಲೂ ಲೆಕ್ಕ ಅದೇ. ಆದರೆ ಎರಡರ ಪಾಲು ಸಮವಲ್ಲ. ಮೇಲಿನ ತೂಬು ದಪ್ಪ, ಅದರ ಹೊಣೆಯೂ ದಪ್ಪ: ಸಣ್ಣ ಕರುಳಿನ ಬಹುಪಾಲು, ಅದರ ಮೇಲೆ ದೊಡ್ಡ ಕರುಳಿನ ಬಲಭಾಗ, ಹೊಟ್ಟೆಯ ಅಡ್ಡಕ್ಕೆ ಹಾಯುವ ಭಾಗದಲ್ಲಿ ಮೂರನೇ ಎರಡು ಪಾಲು. ಉಳಿದ ಎಡಗಡೆಯದ್ದು, ಸಿಗ್ಮಾಯಿಡ್ ಎಂಬ ಡೊಂಕು, ಗುದನಾಳದ ಮೇಲ್ಭಾಗ, ಇವು ಕೆಳತೂಬಿನ ಪಾಲು. ಸುಮ್ಮನೆ ಕೂತಾಗಲೂ ಹೃದಯ ಹೊರದೂಡುವ ರಕ್ತದಲ್ಲಿ ಕಾಲು ಭಾಗದಷ್ಟು ಹೊಟ್ಟೆಯ ಅಂಗಗಳಿಗೇ ಹೋಗುತ್ತದೆ. ಉಂಡ ಮೇಲೆ ಇನ್ನೂ ಹೆಚ್ಚು.

ಮನೆಯಲ್ಲಿ ಬೋಟಿ ತೊಳೆದವರು ಇದರ ಒಂದು ತುಣುಕನ್ನು ಕಣ್ಣಾರೆ ಕಂಡಿರುತ್ತಾರೆ. ಕರುಳಿಗೆ ಅಂಟಿಕೊಂಡು ಬರುವ ಆ ಕೊಬ್ಬಿನ ತೆಳುಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಕೊಬ್ಬಿನ ನಡುವೆ ಕೆಂಪು, ನೀಲಿ ದಾರಗಳು. ಒಂದು ಎರಡಾಗಿ, ಎರಡು ಬಾಗಿ ಕೂಡಿ ಕಮಾನಾಗಿ, ಕಮಾನಿನಿಂದ ಸಣ್ಣ ಸಣ್ಣ ಎಳೆಗಳು ನೇರ ಕರುಳಿಗೆ ಇಳಿದು. ಅದನ್ನು ಕಿತ್ತೆಸೆದು ಕರುಳಷ್ಟನ್ನೇ ಇಟ್ಟುಕೊಳ್ಳುತ್ತೇವೆ, ಜೀವ ಹರಿಯುತ್ತಿದ್ದದ್ದು ಅದರಲ್ಲೇ. ಮನುಷ್ಯನಲ್ಲಿ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಬಲ ಸೊಂಟದ ಬಳಿ ಶುರುವಾಗಿ, ಮೇಲೇರಿ, ಲಿವರ್ ಕೆಳಗೆ ತಿರುಗಿ, ಅಡ್ಡ ಹಾದು, ಗುಲ್ಮದ ಬಳಿ ಮತ್ತೆ ತಿರುಗಿ, ಎಡಗಡೆ ಇಳಿಯುತ್ತದೆ. ಮೇಲ್ತೂಬಿನಿಂದ ಇಲಿಯೋಕಾಲಿಕ್, ಬಲ ಕಾಲಿಕ್, ನಡು ಕಾಲಿಕ್ ಎಂಬ ಕವಲುಗಳು, ಕೆಳತೂಬಿನಿಂದ ಎಡ ಕಾಲಿಕ್ ಮತ್ತು ಸಿಗ್ಮಾಯಿಡ್ ಕವಲುಗಳು ಈ ಕರುಳಿನತ್ತ ಬೆರಳು ಚಾಚುತ್ತವೆ. ಹೆಸರುಗಳನ್ನು ಮರೆತರೂ ನಷ್ಟವಿಲ್ಲ. ಮುಂದಿನದನ್ನು ಮರೆಯಬೇಡಿ.

ಭದ್ರಾ ಕಾಲುವೆಯ ದೊಡ್ಡ ಗೋಳು ಏನು ಎಂದು ದಾವಣಗೆರೆ ಜಿಲ್ಲೆಯ ಯಾವ ರೈತರನ್ನು ಕೇಳಿದರೂ ಒಂದೇ ಉತ್ತರ: ಕೊನೆ ಭಾಗಕ್ಕೆ ನೀರು ತಲುಪುವುದಿಲ್ಲ. ಲಕ್ಕವಳ್ಳಿಯಲ್ಲಿ ಗೇಟು ಎತ್ತಿದ ನೀರು ಚನ್ನಗಿರಿಯ ತೋಟ ದಾಟುವಷ್ಟರಲ್ಲಿ ಸೊರಗಿರುತ್ತದೆ. ಜಗಳೂರಿಗಂತೂ ಆ ಕಾಲುವೆಯೇ ಇಲ್ಲ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ಎತ್ತಿ 57 ಕೆರೆ ತುಂಬಿಸುವ ಯೋಜನೆಗೆ ಆ ಸೀಮೆ ಬಾಯಿಬಿಟ್ಟು ಕಾದದ್ದು ಅದಕ್ಕೇ. ದೇಹ ಈ ಕೊನೆ ಭಾಗದ ತಕರಾರನ್ನು ಹುಟ್ಟುವ ಮೊದಲೇ ಬಗೆಹರಿಸಿಕೊಂಡಿದೆ! ಕರುಳಿನ ಅಂಚಿಗೆ ಒತ್ತಿಕೊಂಡು, ಬಲ ತುದಿಯಿಂದ ಎಡ ತುದಿವರೆಗೆ, ಎಲ್ಲ ಕವಲುಗಳ ತುದಿಗಳನ್ನೂ ಹೊಲಿದು ಕೂಡಿಸುವ ಒಂದೇ ಉದ್ದನೆಯ ಜೋಡುನಾಲೆ ಇದೆ. ಅಂಚಿನ ಅಪಧಮನಿ. ಒಂದು ತೂಬು ಮುಚ್ಚಿದರೆ ಇನ್ನೊಂದರ ರಕ್ತ ಈ ದಾರಿ ಹಿಡಿದು ಉಲ್ಟಾ ಹರಿದು ಒಣಗಿದ ಕಡೆಗೆ ಬರುತ್ತದೆ.

ಇಂಥ ಕೂಡುದಾರಿ ಉಂಟೆಂದು 18ನೇ ಶತಮಾನದಲ್ಲೇ ಹಾಲರ್ ಎಂಬ ಅಂಗರಚನಾ ತಜ್ಞ ಕಂಡಿದ್ದ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿದವನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಡ್ರಮಂಡ್, 1913ರಲ್ಲಿ. ಅವನ ಉಪಾಯ ಎಷ್ಟು ಸರಳ! ಶವಗಳಲ್ಲಿ ದೊಡ್ಡ ಕವಲುಗಳನ್ನು ಬುಡದಲ್ಲೇ ದಾರ ಬಿಗಿದು ಕಟ್ಟಿದ. ಮತ್ತೆಲ್ಲಿಂದಲೋ ದ್ರವ ತುಂಬಿದ. ಕಟ್ಟಿದ ಕವಲಿನ ಊರಿಗೂ ಅದು ತಲುಪಿತು. ಅಂದಿನಿಂದ ಆ ನಾಳಕ್ಕೆ ಡ್ರಮಂಡನ ಹೆಸರು. ಇಂದು ಹೊಟ್ಟೆಯ ಮಹಾಪಧಮನಿ ಊದಿಕೊಂಡವರಿಗೆ ಕೃತಕ ನಾಳ ಜೋಡಿಸುವಾಗ ಕೆಳತೂಬನ್ನು ಎಷ್ಟೋ ಸಲ ಮುಚ್ಚಿಯೇ ಬಿಡುತ್ತಾರೆ. ಬಹುಪಾಲು ಮಂದಿಯ ಎಡಗರುಳಿಗೆ ಏನೂ ಆಗುವುದಿಲ್ಲ.

ಇನ್ನೊಂದು ಅಡ್ಡದಾರಿಯೂ ಕೆಲವರಲ್ಲಿರುತ್ತದೆ: ನಡು ಕಾಲಿಕ್ ಕವಲನ್ನು ಎಡ ಕಾಲಿಕ್‌ಗೆ ಕರುಳಿನಿಂದ ದೂರದಲ್ಲೇ, ಬುಡದ ಹತ್ತಿರವೇ ಕೂಡಿಸುವ ಕಮಾನು. ಅದಕ್ಕೆ ಪ್ಯಾರಿಸ್ಸಿನ ಜಾನ್ ರಿಯೊಲಾನ್ ಹೆಸರು. ಈ ರಿಯೊಲಾನ್ ಯಾರು? 1628ರಲ್ಲಿ ವಿಲಿಯಂ ಹಾರ್ವೆ ರಕ್ತ ದೇಹವನ್ನು ಸುತ್ತಿ ಮತ್ತೆ ಹೃದಯಕ್ಕೆ ಬರುತ್ತದೆ ಎಂದಾಗ ಸುತರಾಂ ಒಪ್ಪದ ಹಟಮಾರಿ ಪಂಡಿತ. ಹಾರ್ವೆ 1649ರಲ್ಲಿ ಅವನನ್ನೇ ಉದ್ದೇಶಿಸಿ ಎರಡು ಪ್ರಬಂಧ ಬರೆದು ಉತ್ತರ ಕೊಡಬೇಕಾಯಿತು. ರಕ್ತ ದೇಹವನ್ನೆಲ್ಲ ಸುತ್ತುವುದಿಲ್ಲ ಎಂದವನ ಹೆಸರು, ರಕ್ತ ಸುತ್ತಿ ಬಳಸಿ ಬಂದು ಜೀವ ಉಳಿಸುವ ದಾರಿಗೆ! ಚರಿತ್ರೆಗೂ ತಮಾಷೆ ಗೊತ್ತು.

ಅದಕ್ಕಿಂತ ಬೆರಗಿನದು ಇನ್ನೊಂದಿದೆ. ಬೀಡಿ, ಸಕ್ಕರೆ ಕಾಯಿಲೆ, ವಯಸ್ಸು ಸೇರಿ ಮಹಾಪಧಮನಿಯ ಕೆಳತುದಿಯೇ ನಿಧಾನಕ್ಕೆ ಕಟ್ಟಿಕೊಂಡಿತು ಎನ್ನಿ. ಕಾಲುಗಳಿಗೆ ರಕ್ತ ಎಲ್ಲಿಂದ? ಮೇಲ್ತೂಬಿನಿಂದ ಹೊರಟು, ಕರುಳಿನ ಅಂಚು ಹಿಡಿದು ಎಡಕ್ಕೆ ಬಂದು, ಕೆಳತೂಬಿನ ಕವಲಿಗೆ ಇಳಿದು, ಗುದನಾಳದ ಸುತ್ತಲಿನ ಬಲೆ ಹೊಕ್ಕು, ಅಲ್ಲಿಂದ ಕಿಬ್ಬೊಟ್ಟೆಯ ನಾಳಗಳಿಗೆ ಜಿಗಿದು ಕಾಲಿಗೆ ಹೋಗುವ ದಾರಿಯೊಂದು ತೆರೆದುಕೊಳ್ಳುತ್ತದೆ. ನಡೆದಾಡುವ ಕಾಲಿಗೆ ಕರುಳಿನ ಅಂಚಿನಿಂದ ರಕ್ತ! ಅಂಥವರ ಕರುಳನ್ನು ನಾಳ ನೋಡದೆ ಕತ್ತರಿಸಿದರೆ ಕಾಲಿಗೇ ಕುತ್ತು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ನನ್ನ ಕಾಲನ್ನೇ ನೋಡಿಕೊಂಡೆ.

ಆದರೆ ಯಾವ ನಾಲೆಯೂ ಎಲ್ಲ ಕಡೆ ಒಂದೇ ಅಗಲವಿರುವುದಿಲ್ಲ. ಗುಲ್ಮದ ಬಳಿಯ ತಿರುವಿನಲ್ಲಿ, ಎರಡೂ ತೂಬುಗಳ ಸೀಮೆ ಕೂಡುವ ಕಡೆ, ಅಂಚಿನ ನಾಳ ಕೆಲವರಲ್ಲಿ ಎಳೆಯಷ್ಟು ತೆಳು, ಕೆಲವರಲ್ಲಿ ಕಡಿದೇ ಹೋಗಿರುತ್ತದೆ. 1956ರಲ್ಲಿ ಗ್ರಿಫಿತ್ಸ್ ಎಂಬ ಶಸ್ತ್ರವೈದ್ಯ ಇದನ್ನು ಎತ್ತಿ ತೋರಿಸಿದ್ದರಿಂದ ಅದು ಗ್ರಿಫಿತ್ಸ್ ಬಿಂದು. ಸಿಗ್ಮಾಯಿಡ್ ಮುಗಿದು ಗುದನಾಳ ಶುರುವಾಗುವಲ್ಲಿ ಇನ್ನೊಂದು. ಜರ್ಮನಿಯ ಪೌಲ್ ಸುಡೆಕ್ 1907ರಲ್ಲಿ ಗುರುತಿಸಿದ್ದು. ರಕ್ತದ ಒತ್ತಡ ಕುಸಿದಾಗ ಮೊದಲು ಬಾಡುವುದು ಈ ಕೊನೆ ಭಾಗಗಳೇ. ಭೇದಿಯಾಗಿ ದೇಹದ ನೀರು ಬತ್ತಿದ ಮುದುಕರು, ಹೃದಯದ ಶಸ್ತ್ರಚಿಕಿತ್ಸೆ ಆದವರು, ಡಯಾಲಿಸಿಸ್‌ನಲ್ಲಿರುವವರು, ಅಷ್ಟೇ ಏಕೆ, ಮ್ಯಾರಥಾನ್ ಓಡುವ ಗಟ್ಟಿಮುಟ್ಟಾದ ಹುಡುಗರು ಕೂಡ: ಎಡಗಡೆ ಹಠಾತ್ ನೋವು, ಆಮೇಲೆ ರಕ್ತ ಬೆರೆತ ಭೇದಿ. ಲಂಡನ್ನಿನ ಮಾರ್ಸ್ಟನ್ ಮತ್ತು ಜೊತೆಗಾರರು 1966ರಲ್ಲಿ ಇದಕ್ಕೆ ಇಸ್ಕೀಮಿಕ್ ಕೊಲೈಟಿಸ್ ಎಂದು ಹೆಸರಿಟ್ಟರು. ಹೆಚ್ಚಿನವರಲ್ಲಿ ನೀರು, ವಿಶ್ರಾಂತಿ, ನಿಗಾ ಇಷ್ಟರಿಂದಲೇ ಕರುಳು ಚೇತರಿಸಿಕೊಳ್ಳುತ್ತದೆ. ಇದನ್ನು ಮೂಲವ್ಯಾಧಿ ಎಂದುಕೊಂಡು ಸುಮ್ಮನಿರುವವರೂ ಉಂಟು, ಅದು ಅಪಾಯ.

ಎರಡು ತೂಬುಗಳ ಗಡಿ ಅಲ್ಲೇ ಏಕೆ ಬಿತ್ತು? ಉತ್ತರ ತಾಯ ಗರ್ಭದಲ್ಲಿದೆ. 6ನೇ ವಾರದ ಹೊತ್ತಿಗೆ ಭ್ರೂಣದ ಕರುಳು ಎಷ್ಟು ವೇಗವಾಗಿ ಉದ್ದವಾಗುತ್ತದೆಂದರೆ ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲದೆ ಹೊರಗೆ, ಹೊಕ್ಕುಳಬಳ್ಳಿಯೊಳಗೇ ನುಗ್ಗುತ್ತದೆ! ಅಲ್ಲಿ ವಾರಗಟ್ಟಲೆ ಇದ್ದು, 10ನೇ ವಾರಕ್ಕೆ ಒಳಗೆ ಮರಳುತ್ತದೆ. ಹೋಗಿ ಬರುವಷ್ಟರಲ್ಲಿ ಒಟ್ಟು 270 ಡಿಗ್ರಿ ತಿರುಗಿರುತ್ತದೆ. ತಿರುಗಿದ್ದು ಯಾವುದರ ಸುತ್ತ? ಮೇಲಿನ ಮೆಸೆಂಟರಿಕ್ ಅಪಧಮನಿಯ ಸುತ್ತ. ಅದೇ ಅಚ್ಚು, ಅದೇ ಜೀವಾಳ. ನಡುಗರುಳಾಗಿ ಹುಟ್ಟಿದ ಭಾಗಕ್ಕೆಲ್ಲ ಮೇಲ್ತೂಬು, ಹಿಂಗರುಳಾಗಿ ಹುಟ್ಟಿದ್ದಕ್ಕೆ ಕೆಳತೂಬು; ಹುಟ್ಟಿದ ಮನೆಯ ಋಣ ಸಾಯುವವರೆಗೂ. ನರಗಳೂ ಹಾಗೆಯೇ ಹಂಚಿಹೋಗಿವೆ. ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಗೆ, ಆದರೆ ಅದು ಕೆರಳಿದಾಗ ನೋವು ಮೊದಲು ಕಾಣುವುದು ಹೊಕ್ಕುಳ ಸುತ್ತ. ನಡುಗರುಳಿನ ನೋವು ಮಿದುಳಿಗೆ ತಿಳಿಯುವುದೇ ಆ ಜಾಗದಲ್ಲಿ. ಕೆಲವು ಗಂಟೆ ಕಳೆದ ಮೇಲಷ್ಟೇ ಅದು ಬಲಕ್ಕೆ ಇಳಿಯುತ್ತದೆ. ಬಟ್ಟಿ ನೀವಿಸಿಕೊಳ್ಳಲು ಹೋಗುವ ಹೊಕ್ಕುಳ ನೋವುಗಳಲ್ಲಿ ಇದೂ ಸೇರಿರುತ್ತದೆ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಜ್ವರವಿದ್ದು, ವಾಂತಿಯಾಗುತ್ತಿದ್ದು, ಹೊಟ್ಟೆ ಬಿಗಿದುಕೊಂಡಿದ್ದರೆ ಎಣ್ಣೆ ಹಚ್ಚುವ ಕೈ ಅಲ್ಲೇ ನಿಲ್ಲಬೇಕು.

ಅಪೆಂಡಿಕ್ಸ್‌ಗೆ ರಕ್ತ ತರುವುದು ಇಲಿಯೋಕಾಲಿಕ್‌ನ ಒಂದೇ ಒಂದು ಕವಲು, ಅದಕ್ಕೆ ಜೋಡುನಾಲೆಯಿಲ್ಲ. ಊತ ಬಂದು ಆ ನಾಳ ಕಟ್ಟಿಕೊಂಡರೆ ಅಪೆಂಡಿಕ್ಸ್ ಕೊಳೆತು ಒಡೆಯುತ್ತದೆ. ಆದರೆ ಕೆಲವರಲ್ಲಿ ಹಿಂಬದಿಯಿಂದ ಇನ್ನೊಂದು ಸಣ್ಣ ನಾಳ ಬಂದಿರುತ್ತದೆ, ಅದರ ಹೆಸರು ಶೇಷಾಚಲಂ ಅಪಧಮನಿ! ಡ್ರಮಂಡ್, ರಿಯೊಲಾನ್, ಗ್ರಿಫಿತ್ಸ್, ಸುಡೆಕ್ ಎಂದು ಪರದೇಶದ ಹೆಸರುಗಳ ಸಾಲಿನಲ್ಲಿ ಓದುತ್ತಾ ಬಂದವರಿಗೆ ಥಟ್ಟನೆ ಪಕ್ಕದ ಮನೆಯವರು ಎದುರಾದಂತೆ. ಭಾರತದ ಪಠ್ಯಪುಸ್ತಕಗಳಲ್ಲಿ ಈ ಹೆಸರು ಗಟ್ಟಿಯಾಗಿ ಕೂತಿದೆ. ಶಸ್ತ್ರವೈದ್ಯರು ಅದನ್ನು ಮರೆತರೆ ರಕ್ತ ನಿಲ್ಲದೆ ಪರದಾಡಬೇಕಾದೀತು.

ರಕ್ತ ಬಂತು, ಸರಿ. ಕರುಳು ಅದರಿಂದ ಏನು ತೆಗೆದುಕೊಳ್ಳುತ್ತದೆ? ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಉರುವಲು ಹೆಚ್ಚಾಗಿ ಬರುವುದು ರಕ್ತದಿಂದಲ್ಲ! ನಾವು ತಿಂದ ರಾಗಿ, ಜೋಳ, ಸೊಪ್ಪಿನ ನಾರು ಜೀರ್ಣವಾಗದೆ ಅಲ್ಲಿಗೆ ಇಳಿಯುತ್ತದೆ. ಅಲ್ಲಿನ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಪುಟ್ಟ ಆಮ್ಲ ಮಾಡಿಕೊಡುತ್ತವೆ. ಆ ಕೋಶಗಳು ಅದನ್ನೇ ಸುಟ್ಟು ಬದುಕುತ್ತವೆ. ಸುಡಲು ಬೇಕಾದ ಆಮ್ಲಜನಕ ಮಾತ್ರ ಅಪಧಮನಿಯದ್ದು. ಅನ್ನ ಒಂದು ಕಡೆಯಿಂದ, ಗಾಳಿ ಇನ್ನೊಂದು ಕಡೆಯಿಂದ! ಬಂದ ಆಮ್ಲಜನಕವನ್ನು ಕೋಶಗಳು ಅಲ್ಲೇ ಮುಗಿಸುವುದರಿಂದ ಕರುಳಿನ ಒಳಗೆ ಅದರ ಸುಳಿವು ಬಹುತೇಕ ಇರುವುದಿಲ್ಲ. ಗಾಳಿ ತಾಗಿದರೆ ಸಾಯುವ ಆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೂ ಅದೇ.

ಅಂಚಿನ ನಾಳದಿಂದ ಕರುಳಿಗೆ ಇಳಿಯುವ ನೇರ ಎಳೆಗಳು ಸ್ನಾಯುವಿನ ಗೋಡೆಯನ್ನು ತೂರಿಕೊಂಡು ಒಳಪದರ ಸೇರಬೇಕು. ತೂರಿದ ಜಾಗವೇ ಗೋಡೆಯ ಬಲಹೀನ ಜಾಗ. ವಯಸ್ಸಾದಂತೆ ಒಳಪದರ ಆ ತೂತುಗಳಲ್ಲೇ ಹೊರಕ್ಕೆ ಉಬ್ಬಿ ಚೀಲಗಳಾಗುತ್ತದೆ, ಕೆಲವೊಮ್ಮೆ ಪಕ್ಕದ ನಾಳ ಸವೆದು ರಕ್ತ ಸುರಿಯುತ್ತದೆ. ನಮ್ಮ ಕಡೆ ಇನ್ನೊಂದು ತೊಂದರೆ: ನಾರಿನಂಶದ ಊಟ ಹೆಚ್ಚಿರುವ ನಾಡುಗಳಲ್ಲಿ, ಅದರಲ್ಲಿ ಭಾರತವೂ ಸೇರಿದೆ, ಉದ್ದವಾಗಿ ಬೆಳೆದ ಸಿಗ್ಮಾಯಿಡ್ ತನ್ನ ಬುಡದ ಸುತ್ತಲೇ ತಿರುಚಿಕೊಳ್ಳುವುದು ಹೆಚ್ಚು. ತಿರುಚಿದಾಗ ಬರೀ ಕರುಳಲ್ಲ, ಅದರ ನಾಳಗಳೂ ಹಿಂಡಿಹೋಗುತ್ತವೆ. ಹೊಟ್ಟೆ ತಮಟೆಯಾಗುತ್ತದೆ, ಗಾಳಿಯೂ ಹೋಗದು. ಬೇಗ ಬಂದರೆ ಕೆಳಗಿನಿಂದ ನಳಿಕೆ ತೂರಿಸಿ ಬಿಡಿಸಬಹುದು. ತಡವಾದರೆ ಕರುಳು ಕಪ್ಪಾಗಿರುತ್ತದೆ, ಕತ್ತರಿಸುವುದೇ ದಾರಿ. ಎಲ್ಲವೂ ಗಂಟೆಗಳ ಲೆಕ್ಕ. ಜಗಳೂರಿನಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ, ಹೊನ್ನಾಳಿ–ನ್ಯಾಮತಿಯಿಂದ ಶಿವಮೊಗ್ಗದ ಮೆಗ್ಗಾನ್‌ಗೆ ಓಡುವ ಆಂಬುಲೆನ್ಸಿನೊಳಗೆ ಆ ಲೆಕ್ಕ ನಡೆಯುತ್ತಲೇ ಇರುತ್ತದೆ.

ನಕ್ಷೆ ಎಲ್ಲರಲ್ಲೂ ಒಂದೇ ಎಂದುಕೊಂಡಿರಾ? ಪುಸ್ತಕದಲ್ಲಿ ಮೇಲ್ತೂಬಿನಿಂದಲೇ ನೇರ ಹೊರಡುವ ಬಲ ಕಾಲಿಕ್ ನಿಜವಾದ ದೇಹಗಳಲ್ಲಿ ಎಷ್ಟೋ ಸಲ ಹಾಗೆ ಸಿಗುವುದೇ ಇಲ್ಲ, ಇಲಿಯೋಕಾಲಿಕ್‌ನಿಂದಲೋ ನಡು ಕಾಲಿಕ್‌ನಿಂದಲೋ ಕವಲೊಡೆದಿರುತ್ತದೆ. ಇದು ಚಿತ್ರ ನೋಡಿ ಕಲಿಯುವ ವಿದ್ಯೆಯಲ್ಲ. 1965ರಲ್ಲಿ ಶುರುವಾದ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಂಥ ಕಡೆ ಮೊದಲ ವರ್ಷದ ಮಕ್ಕಳು ಕೊಬ್ಬನ್ನು ಚಿಮುಟದಿಂದ ಬಿಡಿಸಿ ಬಿಡಿಸಿ ಒಂದೊಂದೇ ನಾಳ ಹುಡುಕುತ್ತಾರೆ, ಒಂದೊಂದು ಮೇಜಿನ ಮೇಲೆ ಒಂದೊಂದು ನಕ್ಷೆ. ಆ ಮೇಜಿಗೆ ದೇಹ ಬರುವುದಕ್ಕೆ ನಮ್ಮಲ್ಲಿ 1957ರ ಕರ್ನಾಟಕ ಅಂಗರಚನಾ ಕಾಯ್ದೆಯಿದೆ. ಅದಕ್ಕಿಂತ ದೊಡ್ಡದು ಕೊಡುವ ಮನಸ್ಸು. ಬೈಲಹೊಂಗಲದ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹವನ್ನು ದಾನ ಬರೆದಿಟ್ಟಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಎದುರು ಆ ದೇಹವನ್ನು ಬಿಡಿಸಿ ಪಾಠ ಮಾಡಿದವರು ಅವರ ಮಗ ಡಾ. ಮಹಾಂತೇಶ ರಾಮಣ್ಣವರ. ಅಪ್ಪನ ನಾಳಗಳನ್ನು ಮಗ ತೋರಿಸಿಕೊಟ್ಟ ಆ ತರಗತಿಗೆ ನಾನು ತಲೆಬಾಗುತ್ತೇನೆ.

ಈಗ ಬದುಕಿರುವ ಕರುಳಿನಲ್ಲೂ ನಾಳ ಕಾಣುವ ಕಾಲ. ಕ್ಯಾನ್ಸರ್ ಬಂದ ತುಂಡು ತೆಗೆದು ಎರಡು ತುದಿ ಹೊಲಿಯುವ ಮೊದಲು ಕೈಯ ರಕ್ತನಾಳಕ್ಕೆ ಇಂಡೋಸಯನೀನ್ ಗ್ರೀನ್ ಎಂಬ ಬಣ್ಣ ಚುಚ್ಚುತ್ತಾರೆ. ವಿಶೇಷ ಕ್ಯಾಮೆರಾ ಹಿಡಿದರೆ ನಿಮಿಷದೊಳಗೆ ರಕ್ತ ಬರುತ್ತಿರುವ ಕರುಳು ಹೊಳೆಯುತ್ತದೆ, ಬಾರದ ತುದಿ ಕತ್ತಲಾಗಿಯೇ ಉಳಿಯುತ್ತದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಹೊಲಿಯಬೇಕು, ಕಣ್ಣಿಗೇ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹುಚ್ಚು ಸಾಹಸವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಚ್ಚಲು ತೊಳೆಯುವ ಆಸಿಡ್ ಕುಡಿದು ಅನ್ನನಾಳ ಸುಟ್ಟುಹೋದವರಿಗೆ ಏನು ಮಾಡುವುದು? ದೊಡ್ಡ ಕರುಳಿನ ತುಂಡೊಂದನ್ನು ಎದೆಯ ಮೂಲಕ ಕುತ್ತಿಗೆಯವರೆಗೆ ಎಳೆದು ಹೊಸ ಅನ್ನನಾಳ ಮಾಡುವುದು! ಡ್ರೆಸ್ಡನ್‌ನ ಕೆಲ್ಲಿಂಗ್ ಮತ್ತು ಸ್ವಿಟ್ಜರ್ಲೆಂಡಿನ ವುಲ್ಯೆ 1911ರಲ್ಲೇ ಈ ದಾರಿ ಹಿಡಿದರು, ಡ್ರಮಂಡ್ ದಾರ ಕಟ್ಟುವುದಕ್ಕೂ ಎರಡು ವರ್ಷ ಮೊದಲು. ಶಸ್ತ್ರವೈದ್ಯರು ನಡು ಕಾಲಿಕ್ ನಾಳಕ್ಕೆ ಪುಟ್ಟ ಕ್ಲಿಪ್ ಹಾಕಿ, ಕೈ ಕಟ್ಟಿ, ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಎಡ ಕಾಲಿಕ್ ಒಂದರಿಂದಲೇ, ಅಂಚಿನ ನಾಳದ ದಾರಿಯಾಗಿ, ಆ ತುಂಡಿನ ತುದಿವರೆಗೆ ಮಿಡಿತ ಬರುತ್ತದೆಯೇ? ಬಣ್ಣ ಗುಲಾಬಿಯಾಗಿಯೇ ಉಳಿದಿದೆಯೇ? ಉಳಿದರೆ ನಡು ಕಾಲಿಕ್ ಕತ್ತರಿಸಿ ಕರುಳನ್ನು ಮೇಲಕ್ಕೆ ಕಳಿಸುತ್ತಾರೆ, ಎಡ ಕಾಲಿಕ್ ನಾಳದ ತೊಟ್ಟು ಮಾತ್ರ ಕಡಿಯುವುದಿಲ್ಲ. ಗಾಯ ಮಾಗಿದ ಮೇಲೆ ಆ ಮನುಷ್ಯ ಗಂಜಿ ಕುಡಿಯುತ್ತಾನೆ, ಆಮೇಲೆ ಮೆಲ್ಲಗೆ ಮುದ್ದೆ ನುಂಗುತ್ತಾನೆ. ಕುತ್ತಿಗೆಯಲ್ಲಿ ಮುದ್ದೆ ಇಳಿಯುವುದು ದೊಡ್ಡ ಕರುಳಿನ ತುಂಡಿನಲ್ಲಿ, ಅದಕ್ಕೆ ರಕ್ತ ಏರುತ್ತಿರುವುದು ಇನ್ನೂ ಹೊಟ್ಟೆಯ ಆ ಸಣ್ಣ ಕೆಳತೂಬಿನಿಂದಲೇ.